ಒಂಬತ್ತನೇ ಬಿಲ್ಲೆ

ನಾನು ಒಂದು ಹಿತ್ತಾಳೆ ಬಿಲ್ಲೆ. ಅಂಗೈ ಮುಚ್ಚಿದರೆ ಮರೆಯಾಗುವಷ್ಟು ಗಾತ್ರ, ತಲೆಯಲ್ಲೊಂದು ತೂತು, ಎದೆಯ ಮೇಲೆ ಒಂಬತ್ತು ಎಂಬ ಅಂಕಿ. ಇಷ್ಟೇ ನನ್ನ ಆಸ್ತಿ. ಆದರೂ ಒಂದು ದಿನ ಇಡೀ ದೋಣಿಯ ಎದುರು ನಾನು ಸುಳ್ಳುಸಾಕ್ಷಿ ನುಡಿದಿದ್ದೇನೆ. ನೀರಿನಲ್ಲಿದ್ದ ಮನುಷ್ಯನನ್ನು ದೋಣಿಯಲ್ಲಿದ್ದಾನೆ ಎಂದುಬಿಟ್ಟೆ. ಬಾಯಿಲ್ಲದ ನನ್ನಿಂದ ಆ ಸುಳ್ಳು ಹೇಳಿಸಿದವನು ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅವನು ತೀರಾ ಒಳ್ಳೆಯವನು. ಅದೇ ಫಜೀತಿ.

ಬಿಲ್ಲೆಯಾಗುವ ಮೊದಲು ನಾನು ಪಂಕವಾಗಿದ್ದೆ. ಮೀನು ದೋಣಿಯ ಹಿಂದೆ ನೀರೊಳಗೆ ತಿರುಗಿ ದೋಣಿಯನ್ನು ಮುಂದೆ ತಳ್ಳುತ್ತದಲ್ಲ, ಆ ಮೂರು ರೆಕ್ಕೆಯ ಪಂಕ. ದೋಣಿ ಕರಾವಳಿಯ ಹೊಸಕೋಡಿ ಎಂಬ ಊರಿನ ಜಟ್ಟಪ್ಪ ಮೊಗೇರನದು. ಅವನಿಗೊಂದು ಅಭ್ಯಾಸವಿತ್ತು. ದೋಣಿ ದಡದ ಕಟ್ಟೆಯಾದ ದಕ್ಕೆಗೆ ತಾಗುವ ಮೊದಲು ಕಬ್ಬಿಣದ ಕೊಕ್ಕೆಯಿಂದ ಲಂಗರಿಗೆ ಬಡಿಯುವುದು. ಟಣ್ ಟಣ್. ಸ್ವಲ್ಪ ತಡೆದು ಮತ್ತೊಮ್ಮೆ, ಟಣ್. ದಕ್ಕೆಯ ಪಕ್ಕದಲ್ಲೇ ಮನೆ. ಅವನ ಹೆಂಡತಿ ಬಚ್ಚಮ್ಮ ಆ ಸದ್ದು ಕೇಳಿ ಗಂಜಿಯ ಪಾತ್ರೆಯನ್ನು ಒಲೆಗೆ ಏರಿಸುತ್ತಿದ್ದಳು.

ಒಂದು ವರ್ಷ ಮಳೆಗಾಲ ಮುಗಿದು ಕಡಲು ತೆರೆದ ಮೊದಲ ವಾರವೇ ಜಟ್ಟಪ್ಪ ಹೊರಟ. ಹೊಸ ಟಯರ್ ಚಪ್ಪಲಿ. ದೋಣಿಗೆ ಚಪ್ಪಲಿ ಮೆಟ್ಟಿ ಹತ್ತಬಾರದು ಎಂದು ಅದನ್ನು ದಕ್ಕೆಯ ಮೇಲೆ ಬಿಟ್ಟ. ಬೆಳ್ಳಕ್ಕಿ ಗುಡ್ಡ ಎಂಬ ನಡುಗಡ್ಡೆಯ ಬಳಿ ಗಾಳಿ ಎದ್ದು ದೋಣಿ ಬಂಡೆಗೆ ಬಡಿದು ಮಗುಚಿತು. ಜೊತೆಯ ಇಬ್ಬರನ್ನು ಬೇರೆ ದೋಣಿಯವರು ಎತ್ತಿಕೊಂಡರು. ಜಟ್ಟಪ್ಪ ಅವರ ಕಣ್ಣಿಗೆ ಬೀಳಲಿಲ್ಲ. ಅವನು ಮಗುಚಿದ ದೋಣಿಯ ಆಚೆ ಮಗ್ಗುಲಲ್ಲಿ ನನ್ನನ್ನೇ ತಬ್ಬಿಕೊಂಡಿದ್ದ. ಕೈಯಲ್ಲಿದ್ದ ಕೊಕ್ಕೆಯಿಂದ ನನ್ನ ರೆಕ್ಕೆಗೆ ಬಡಿಯುತ್ತಿದ್ದ. ಟಣ್ ಟಣ್. ಟಣ್. ಗಾಳಿಯ ಅಬ್ಬರದಲ್ಲಿ ಯಾರಿಗೂ ಅದು ಕೇಳಲಿಲ್ಲ. ಬಡಿತ ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಾನು ದೋಣಿಯ ಸಮೇತ ತಳಕ್ಕೆ ಹೋಗಿದ್ದೆ.

ಇಪ್ಪತ್ತನಾಲ್ಕು ವರ್ಷ ಮರಳಿನಲ್ಲಿ ಬಿದ್ದಿದ್ದೆ. ಒಂದು ದಿನ ಯಾರದೋ ಬಲೆಗೆ ಸಿಕ್ಕಿ ಮೇಲೆ ಬಂದೆ. ರೆಕ್ಕೆಯ ಮೇಲಿನ ಗುರುತು ನೋಡಿ ಅವರು ನನ್ನನ್ನು ಬಚ್ಚಮ್ಮನ ಮನೆಗೆ ತಂದರು. ಅಪ್ಪ ಹೋದಾಗ ನಾಲ್ಕು ವರ್ಷದವನಾಗಿದ್ದ ಮಗ ದಾಮೋದರ ಈಗ ಮೀಸೆಯ ಗಂಡಸು. ಮೀನು ಬಿಟ್ಟು ಬೇರೆ ಕೆಲಸ ಹಿಡಿದಿದ್ದ. ರಜೆಗೆ ಬರುವ ಪೇಟೆಯ ಮಂದಿಯನ್ನು ಬೆಳ್ಳಕ್ಕಿ ಗುಡ್ಡಕ್ಕೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕಡಲೊಳಗೆ ಇಳಿಸಿ ಮೀನು ತೋರಿಸುವ ಕೆಲಸ. ಡೈವಿಂಗ್ ಎನ್ನುತ್ತಾರೆ. ಬದುಕಿದ್ದವರು ತಾವಾಗಿ ತಳಕ್ಕೆ ಹೋಗಿ ಬರುವುದಕ್ಕೆ ಇಷ್ಟು ಸಡಗರವೇ ಎಂದು ನನಗೆ ಮೊದಮೊದಲು ನಗು ಬರುತ್ತಿತ್ತು.

ಜಟ್ಟಪ್ಪ ಹೋಗಿ ಹನ್ನೆರಡು ವರ್ಷವಾದಾಗ ನೆಂಟರು ಬಂದು, ಇನ್ನು ಕರ್ಮ ಮಾಡಿ ಮುಗಿಸೋಣ ಎಂದಿದ್ದರಂತೆ. ಬಚ್ಚಮ್ಮ ಅವರನ್ನು ಅಂಗಳದಿಂದಲೇ ಕಳಿಸಿದ್ದಳು.

"ನೀವ್ ಕಣ್ಣಾರೆ ಕಂಡಿರ್ಯಾ? ಕಾಣ್ದೆ ಬಂದ್ರ್ ಅಂಬೂಕೂ ಆಗ, ಹೋದ್ರ್ ಅಂಬೂಕೂ ಆಗ. ಅವ್ರ್ ಸುದ್ದಿ ಅವ್ರೇ ಬಂದ್ ಹೇಳ್ಕ್."

ನನ್ನನ್ನು ನೋಡಿ ಅವಳು ಅಳಲಿಲ್ಲ. ಸೆರಗಿನಿಂದ ಒರೆಸಿ ಮಗನಿಗೆ ಹೇಳಿದಳು, "ಇದನ್ನ್ ಮಾರೂಕಾಗ. ಕರಗ್ಸಿ ಎಂತಾರೂ ಮಾಡ್ಸ್. ನೀ ಕರ್ಕಂಡ್ ಹೋಪ ಜನ ಎಲ್ರೂ ತಿರ್ಗಿ ಬಪ್ಪಂಗ್ ಆಯ್ಕ್."

ದಾಮೋದರ ಎರಕದ ಆಚಾರಿಯ ಬಳಿ ನನ್ನನ್ನು ಒಯ್ದ. ಒಂದು ಪಂಕ ಹನ್ನೆರಡು ಬಿಲ್ಲೆಯಾಯಿತು. ಹದಿಮೂರನೆಯದಕ್ಕೆ ಅಚ್ಚು ತಯಾರಿತ್ತು, ಹಿತ್ತಾಳೆ ಸಾಲಲಿಲ್ಲ. ದೋಣಿಯ ಕಂಬಕ್ಕೆ ಹಲಸಿನ ಹಲಗೆ ಹೊಡೆದು ಹದಿಮೂರು ಕೊಂಡಿ ಹಾಕಿದ್ದ. ಕೊನೆಯ ಕೊಂಡಿ ಕೀಳಲು ಹೋದಾಗ ಬಚ್ಚಮ್ಮ ದಕ್ಕೆಯ ಮೇಲಿಂದಲೇ "ಇರ್ಲಿ ಬಿಡ್" ಎಂದಳು. ಅಂದಿನಿಂದ ಹದಿಮೂರನೇ ಕೊಂಡಿ ಖಾಲಿಯೇ ಇದೆ.

ನಮ್ಮ ಕೆಲಸ ಸುಲಭ. ನೀರಿಗಿಳಿಯುವವನು ತನ್ನ ಬಿಲ್ಲೆಯನ್ನು ಕೊಂಡಿಯಿಂದ ತೆಗೆದು, ಗಾಳಿ ತುಂಬಿದರೆ ತೇಲಿಸುವ ಡೈವಿಂಗ್ ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ಮೇಲೆ ಬಂದು ಏಣಿ ಹತ್ತಿದ ಕೂಡಲೇ ತಾನೇ ಅದನ್ನು ಕೊಂಡಿಗೆ ಹಾಕಬೇಕು. ಕೊಂಡಿ ಖಾಲಿಯಿದ್ದರೆ ಮನುಷ್ಯ ನೀರಲ್ಲಿ, ಬಿಲ್ಲೆಯಿದ್ದರೆ ದೋಣಿಯಲ್ಲಿ. ಎಲ್ಲ ಬಿಲ್ಲೆ ಬಂದ ಮೇಲೆಯೇ ದಾಮೋದರ ಎಂಜಿನ್ ಚಾಲೂ ಮಾಡುತ್ತಿದ್ದ.

ಬಚ್ಚಮ್ಮನ ಕಾನೂನು ಬೇರೆ. ಅವಳಿಗೆ ಬಿಲ್ಲೆಗಿಲ್ಲೆ ನಂಬಿಕೆಯಿಲ್ಲ. ದಕ್ಕೆಯ ಮೇಲೆ ಒಂದು ಮೀನಿನ ಪೆಟ್ಟಿಗೆ ಇಟ್ಟುಕೊಂಡು ಕೂತು, ದೋಣಿ ಹತ್ತುವವರ ಚಪ್ಪಲಿ ಬೂಟುಗಳನ್ನು ಅದರಲ್ಲಿ ಜೋಡಿಸಿ, ಬಂದವರಿಗೆ ಒಂದೊಂದೇ ಜೋಡಿ ಕೊಡುತ್ತಿದ್ದಳು. ಪೆಟ್ಟಿಗೆಯ ಅಡಿಯಲ್ಲಿ ಒಂದು ಜೋಡಿ ಹಳೆಯ ಟಯರ್ ಚಪ್ಪಲಿ ಯಾವಾಗಲೂ ಇರುತ್ತಿತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ.

ಹದಿನೈದು ವರ್ಷದಲ್ಲಿ ನಾನು ಸಾವಿರಾರು ಜನರ ಎದೆಗೆ ಅಂಟಿಕೊಂಡು ಕಡಲಿಗೆ ಇಳಿದಿದ್ದೇನೆ. ಎದೆ ಡವಗುಟ್ಟುವುದು ನನ್ನಷ್ಟು ಹತ್ತಿರದಿಂದ ಹೆಂಡತಿಯರೂ ಕೇಳಿರಲಿಕ್ಕಿಲ್ಲ. ದೋಣಿಯಲ್ಲಿ ಮೀಸೆ ತಿರುವಿದವನ ಎದೆ ನೀರು ಕಂಡ ಕೂಡಲೇ ಗುಬ್ಬಚ್ಚಿಯಾಗುತ್ತದೆ. ಹೆದರಿ ಹೆದರಿ ಬಂದ ಅಜ್ಜಿಯೊಬ್ಬಳು ತಳದಲ್ಲಿ ಮಗುವಿನ ಹಾಗೆ ನಗುತ್ತಾಳೆ. ಅವರಿಗೆ ಪಾಠ ಹೇಳುವವಳು ದಾಮೋದರನ ಮಗಳು ಸುಪ್ರೀತಾ. ಆಗ ಇಪ್ಪತ್ತೆರಡರ ಹುಡುಗಿ, ಗಂಟಲು ಮಾತ್ರ ಹೆಡ್‌ಮಾಸ್ತರರದು.

"ಉಸ್ರ್ ಹಿಡೂಕಾಗ. ಎಂತ ಮರ್ತ್ರೂ ಇದೊಂದ್ ಮರೀಬೇಡಿ, ಉಸ್ರ್ ಆಡ್ತಾ ಇರ್ಕ್. ಕಿವಿ ಒತ್ತಿದ್ರೆ ಮೂಗ್ ಹಿಡ್ಕಂಡ್ ಮೆಲ್ಲ ಊದಿ. ನೋವ್ ತಡ್ಕಂಬ್ದ್ ಶೌರ್ಯ ಅಲ್ಲ ಮಾರಾಯ್ರೆ, ಮೇಲೆ ಬನ್ನಿ. ಶೀತ ಆದವ್ರ್, ನಿನ್ನೆ ಗುಂಡ್ ಹಾಕ್ದವ್ರ್ ಈಗ್ಳೇ ಹೇಳಿ, ಇವತ್ತ್ ದೋಣಿಯಗೇ ಕೂಕಣಿ. ಎಂತದನ್ನೂ ಮುಟ್ಟುಕಾಗ, ಚಂದ ಇಪ್ಪದ್ದೇ ಕಚ್ಚುದ್."

ಇಷ್ಟನ್ನೇ ಸರಿಯಾಗಿ ಕೇಳಿಸಿಕೊಂಡರೆ ಅರ್ಧ ಅಪಾಯ ಕಳೆಯಿತು. ನನ್ನ ಕಡೆಯಿಂದ ಇನ್ನೆರಡು ಸೇರಿಸುತ್ತೇನೆ. ಡೈವಿಂಗ್ ಮುಗಿಸಿ ಅದೇ ಸಂಜೆ ಬಸ್ಸು ಹಿಡಿದು ಘಟ್ಟ ಹತ್ತಬೇಡಿ, ವಿಮಾನವಂತೂ ಬೇಡವೇ ಬೇಡ. ಆಳದಲ್ಲಿ ಮೈಯೊಳಗೆ ಸೇರಿದ ಗಾಳಿ ಎತ್ತರಕ್ಕೆ ಹೋದರೆ ಗುಳ್ಳೆಯಾಗಿ ಕೀಲು ಹಿಡಿಯುತ್ತದೆ. ಒಂದು ದಿನ ಊರಿನಲ್ಲೇ ಬಿದ್ದುಕೊಂಡು ಮೀನುಸಾರು ತಿನ್ನಿ. ಎರಡನೆಯದು, ಜೋಡಿಯಲ್ಲಿ ಇಳಿದರೂ ನಿಮ್ಮ ಸಾಮಾನು ನಿಮ್ಮ ಮೈಮೇಲೇ ಇರಲಿ. ಸೀಟಿ, ನೀರಿನ ಮೇಲೆ ಊದಿ ನಿಲ್ಲಿಸುವ ಕಿತ್ತಳೆ ಬಣ್ಣದ ಕೊಳವೆ, ಬಿಲ್ಲೆ, ಎಲ್ಲವೂ. ಯಾಕೆ ಎನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಅದಕ್ಕೂ ಮೊದಲು ಒಂದು ವಿಷಯ. ಹೋಗಿ ಬರುವ ದಾರಿಯುದ್ದಕ್ಕೂ ನಾವು ಹನ್ನೆರಡು ಬಿಲ್ಲೆಗಳು ಅಲೆಗೆ ಕುಲುಕಿ ಕಿಣಿಕಿಣಿ ಮಾಡುತ್ತಿದ್ದೆವು. ಬೆಳ್ಳಕ್ಕಿ ಗುಡ್ಡದ ದಕ್ಷಿಣ ಮೂಲೆ ಬಂದಾಗ ಮಾತ್ರ ಗಪ್ಪನೆ ನಿಂತುಬಿಡುತ್ತಿದ್ದೆವು. ದೋಣಿ ಎಷ್ಟೇ ಹೊಯ್ದಾಡಲಿ, ನಾವು ಅಲುಗುತ್ತಿರಲಿಲ್ಲ. ದಾಮೋದರ ಒಮ್ಮೆ ಅದನ್ನು ಗಮನಿಸಿ ಹಲಗೆಯನ್ನು ಕೈಯಿಂದಲೇ ಅಲ್ಲಾಡಿಸಿದ. ಆಮೇಲೆ ಆ ಮೂಲೆ ಬಂದಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ.

ಅಡಿವೆಪ್ಪ ಮತ್ತು ಗುರುನಾಥ ಹುಬ್ಬಳ್ಳಿಯವರು. ಒಂದೇ ಕಚೇರಿಯಲ್ಲಿ ಒಂದೇ ಮೇಜಿನ ಆಚೆ ಈಚೆ ಇಪ್ಪತ್ತೆರಡು ವರ್ಷ ಕೂತವರು. ಐವತ್ತರ ಹತ್ತಿರ ಬಂದಾಗ ಅದೇನು ಹುಕಿಯೋ, ಹೊಸಕೋಡಿಗೆ ಬಂದು ನಾಲ್ಕು ದಿನ ಕಲಿತು ಡೈವಿಂಗಿನ ಸರ್ಟಿಫಿಕೇಟನ್ನೂ ಪಡೆದರು. ಆಮೇಲೆ ಪ್ರತಿ ಡಿಸೆಂಬರಿಗೂ ಹಾಜರು. ಗುರುನಾಥನಿಗೆ ಎಂಟನೇ ಬಿಲ್ಲೆ, ಅಡಿವೆಪ್ಪನಿಗೆ ನಾನು.

ಅಡಿವೆಪ್ಪ ದಂಡಪಿಂಡ ಎಂದು ನಾನು ಹೇಳುವುದಿಲ್ಲ, ಪ್ರೀತಿಯ ಮನುಷ್ಯ. ಆದರೆ ಮರೆವು ಎಂದರೆ ಮರೆವು. ಕನ್ನಡಕ, ಕೊಡೆ, ಬೀಗದ ಕೈ, ಹೆಂಡತಿ ಹೇಳಿದ ಕೆಲಸ, ಯಾವುದೂ ಅವನ ಬಳಿ ನಿಲ್ಲುವುದಿಲ್ಲ. ಅವನದೆಲ್ಲ ಗುರುನಾಥನ ಜೇಬಿನಲ್ಲಿ. ಕಚೇರಿಗೆ ದಿನಾ ತಡ. ಗುರುನಾಥ ಹಾಜರಿ ಪುಸ್ತಕದಲ್ಲಿ ತನ್ನ ಸಹಿ ಮಾಡಿ, ಅದೇ ಉಸಿರಿನಲ್ಲಿ ಗೆಳೆಯನದನ್ನೂ ಮಾಡುತ್ತಿದ್ದನಂತೆ. ಸಾಹೇಬರು ಕೇಳಿದರೆ "ಬಂದಾನ್ರೀ, ಇಲ್ಲೇ ಹಿಂದ ಅದಾನ" ಎನ್ನುತ್ತಿದ್ದನಂತೆ. ಇದನ್ನು ಇಬ್ಬರೂ ದೋಣಿಯಲ್ಲಿ ಕೂತು ಎಲ್ಲರಿಗೂ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಯಾಕೆ ಸುಳ್ಳು ಹೇಳಲಿ.

ಮೂರನೇ ವರ್ಷದ ಆ ಬೆಳಿಗ್ಗೆ ದೋಣಿಯಲ್ಲಿ ಕಡಲು ನೋಡಲು ಬಂದವರು ಒಂಬತ್ತು ಜನ. ಏಳು ಮಂದಿ ಹೊಸಬರು. ಅವರನ್ನು ಸುಪ್ರೀತಾ ಮತ್ತು ಅವಳ ಇಬ್ಬರು ಜೊತೆಗಾರರು ದೋಣಿಯ ಹತ್ತಿರವೇ ಕೈಹಿಡಿದು ಇಳಿಸಬೇಕು. ಗೆಳೆಯರಿಬ್ಬರು ಕಲಿತವರು, ಬಂಡೆಯ ಗೋಡೆಗುಂಟ ಜೋಡಿಯಾಗಿ ಹೋಗಿಬರಬಹುದು. ನೀರಿಗೆ ಹಾರುವ ಮೊದಲು ಅಡಿವೆಪ್ಪ ನನ್ನನ್ನು ಅಂಗಿಗೆ ಸಿಕ್ಕಿಸಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದ.

"ಕೊಡಿಲ್ಲೆ ಅದನ್ನ," ಎಂದ ಗುರುನಾಥ. "ಹೋದ ವರ್ಷ ಕನ್ನಡಕ ಕಡಲಿಗೆ ಕೊಟ್ಟಿ, ಈ ವರ್ಷ ಬಿಲ್ಲೆ ಕೊಡ್ತಿ."

"ಇಟ್ಕೋಪಾ. ನೀ ಇರೂದ ಅದಕ್ಕಲ್ಲೇನು?"

ಹಾಗೆ ನಾನು ಎಂಟನೆಯವನ ಪಕ್ಕದಲ್ಲಿ ಗುರುನಾಥನ ಎದೆಗೆ ಹೋದೆ. ಅಡಿವೆಪ್ಪನ ಕಿತ್ತಳೆ ಕೊಳವೆ ಅದಾಗಲೇ ಗುರುನಾಥನ ಜೇಬಿನಲ್ಲಿತ್ತು. ಸುಪ್ರೀತಾ ಆಗ ಯಾರದೋ ಮುಖವಾಡ ಸರಿಮಾಡುತ್ತಿದ್ದಳು, ನೋಡಿದ್ದರೆ ಇಬ್ಬರ ಚಳಿಯನ್ನೂ ಬಿಡಿಸುತ್ತಿದ್ದಳು. ನನಗೆ ಮೈ ಜುಮ್ಮೆಂದಿತು. ನನ್ನನ್ನು ಹೊರಬೇಕಾದವನನ್ನು ಬಿಟ್ಟು ಇನ್ನೊಬ್ಬನ ಎದೆಯ ಮೇಲೆ ಕೂತು ನಾನು ಎಂದೂ ನೀರಿಗೆ ಇಳಿದವನಲ್ಲ.

ಕೆಳಗೆ ನೀರು ತಿಳಿಯಾಗಿತ್ತು. ದಕ್ಷಿಣ ಮೂಲೆಯ ಬಳಿ ಒಂದು ಕಡಲಾಮೆ ಬಂಡೆಯಿಂದ ಎದ್ದು ಮೂಲೆ ತಿರುಗಿತು. ಅಡಿವೆಪ್ಪ ಅದರ ಹಿಂದೆ ಹೋದ. ಅವನ ಹಳದಿ ಕಾಲುರೆಕ್ಕೆಗಳು ಒಮ್ಮೆ ಮಿಂಚಿದವು, ಆಮೇಲೆ ಬರೀ ಬಂಡೆ. ಗುರುನಾಥ ಮೂಲೆಗೆ ಬಂದಾಗ ಆಚೆ ನೀರು ಹೊಳೆಯಂತೆ ಹರಿಯುತ್ತಿತ್ತು. ಮನುಷ್ಯನಿಲ್ಲ. ಜೋಡಿ ತಪ್ಪಿದರೆ ಒಂದು ನಿಮಿಷ ಹುಡುಕು, ಆಮೇಲೆ ಮೆಲ್ಲಗೆ ಮೇಲೆ ಬಾ ಎಂಬುದು ಪಾಠ. ಗುರುನಾಥ ಒಂದು ನಿಮಿಷ ಹುಡುಕಿದ. ಮೇಲೆ ಬಂದ. ಅಲೆ ಎದ್ದಿತ್ತು, ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಏಣಿಯ ಬುಡದಲ್ಲಿ ಯಾರದೋ ಗುಳ್ಳೆಗಳು ಏಳುತ್ತಿದ್ದವು. ಅಗಾ, ನನಗಿಂತ ಮೊದಲೇ ಬಂದು ಏಣಿಯ ಕೆಳಗೆ ಆಟವಾಡುತ್ತಿದ್ದಾನೆ ಎಂದುಕೊಂಡ. ಅವು ಹೊಸಬನೊಬ್ಬನ ಗುಳ್ಳೆಗಳು.

ಅವನು ಏಣಿ ಹತ್ತಿದ. ಎಂಟನ್ನು ಎಂಟರ ಕೊಂಡಿಗೆ ಹಾಕಿದ. ಅದೇ ಉಸಿರಿನಲ್ಲಿ, ಇಪ್ಪತ್ತೆರಡು ವರ್ಷ ಸಹಿ ಮಾಡಿದ ಅದೇ ಕೈ ನನ್ನನ್ನು ಒಂಬತ್ತರ ಕೊಂಡಿಗೆ ಹಾಕಿತು. ಕೆಟ್ಟ ಯೋಚನೆ ಇರಲಿಲ್ಲ. ಯೋಚನೆಯೇ ಇರಲಿಲ್ಲ.

"ನಿಮ್ ಜೋಡಿ?" ಎಂದು ದಾಮೋದರ ಚುಕ್ಕಾಣಿಯಿಂದ ಕೂಗಿದ.

"ಬಂದಾನ್ರೀ, ಇಲ್ಲೇ ಹಿಂದ ಅದಾನ."

ಹಾಗೆಂದು ಮುಂದಿನ ಮೂಲೆಗೆ ಹೋಗಿ ಮುಖಕ್ಕೆ ಟವೆಲ್ಲು ಮುಚ್ಚಿ ಮಲಗಿಬಿಟ್ಟ. ವಾಂತಿ ಬಂದವನಿಗೆ ಪ್ರಪಂಚ ಬೇಡ. ಗಾಳಿ ಜೋರಾಯಿತು. ಹೊಸಬರೆಲ್ಲ ಹತ್ತಿ ಟವೆಲ್ಲು ಹೊದ್ದು ಮುದುಡಿ ಕೂತರು. ದಾಮೋದರ ಹಲಗೆ ನೋಡಿ ಬೆರಳು ಮಡಚಿ ಎಣಿಸಿದ, ಒಂದರಿಂದ ಒಂಬತ್ತು, ಎಲ್ಲವೂ ಇದ್ದವು. ನಮ್ಮ ದೋಣಿಯಲ್ಲಿ ಬಿಲ್ಲೆಯ ಮೇಲೆ ಅಪೀಲು ಇರಲಿಲ್ಲ. ಲಂಗರು ಎತ್ತಿದರು.

ಅಯ್ಯೋ, ಆಗ ನನಗಾದ ಸಂಕಟ ಶತ್ರುವಿಗೂ ಬೇಡ. ಕೂಗಲು ಬಾಯಿಲ್ಲ, ಬೀಳಲು ಸ್ವಾತಂತ್ರ್ಯವಿಲ್ಲ. ಗಾಳಿಗೆ ಉಳಿದ ಎಂಟೂ ಬಿಲ್ಲೆಗಳು ಒಣಗಿದವು. ನಾನು ಒಣಗಲಿಲ್ಲ. ನನ್ನ ತುದಿಯಿಂದ ಉಪ್ಪುನೀರು ತೊಟ್ಟಿಕ್ಕುತ್ತಲೇ ಇತ್ತು. ಒಂದು ಗಂಟೆ, ಒಂದೂವರೆ ಗಂಟೆ. ದೋಣಿಯ ಹಲಗೆಯ ಮೇಲೆ ನನ್ನ ಕೆಳಗೆ ಒಂದು ಸಣ್ಣ ಹೊಂಡವಾಯಿತು. ಜನ ಅದರಲ್ಲಿ ಕಾಲಿಟ್ಟು ದಾಟಿದರು.

ದಕ್ಕೆಯ ಮೇಲೆ ನಡುಮಧ್ಯಾಹ್ನದ ಬಿಸಿಲು. ಬಚ್ಚಮ್ಮ ಒಂದೊಂದೇ ಜೋಡಿ ಕೊಟ್ಟಳು. ಎಂಟು ಜೋಡಿ ಹೋದವು. ಕೈಯಲ್ಲಿ ಕಂದು ಬಣ್ಣದ ಚಪ್ಪಲಿ ಜೋಡಿಯೊಂದು ಉಳಿಯಿತು.

"ಹ್ವಾಯ್, ಇದ್ ಯಾರದ್ದ್?"

ಗುರುನಾಥ ತನ್ನ ಚಪ್ಪಲಿ ಮೆಟ್ಟುತ್ತಿದ್ದವನು ನಕ್ಕ. "ನಮ್ಮ ಅಡಿವ್ಯಾಂದ್ರೀ ಅಜ್ಜಿ. ಚಪ್ಪಲಿ ಮರತು ಹೋಗ್ಯಾನ. ಕೊಡ್ರಿಲ್ಲೆ, ನಾ ಒಯ್ತೀನಿ."

ಬಚ್ಚಮ್ಮ ಕೊಡಲಿಲ್ಲ. "ಈ ಬಿಸ್ಲಗೆ ಬರಿಗಾಲಗೆ ಯಾವ ಮನ್ಷನೂ ದಕ್ಕೆ ದಾಟ. ಮಗಾ, ಎಲ್ರೂ ಬಂದ್ರಾ?"

"ಬಂದ್ರ್ ಅಮ್ಮ. ಒಂಬತ್ತ್ ಬಿಲ್ಲೆಯೂ ಇತ್ತ್ ಕಾಣ್."

ಅವಳು ಕೋಲೂರಿಕೊಂಡು ದಕ್ಕೆಯ ಅಂಚಿಗೆ ಬಂದು, ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ದೋಣಿಯೊಳಗೆ ಕಾಲಿಟ್ಟಳು. ಸೀದಾ ಹಲಗೆಯ ಮುಂದೆ ನಿಂತು ಒಂದರಿಂದ ಮುಟ್ಟುತ್ತಾ ಬಂದಳು. ನನ್ನನ್ನು ಮುಟ್ಟಿದ ಕೂಡಲೇ ಕೈ ಹಿಂದಕ್ಕೆಳೆದಳು. ನಾನು ಮಂಜುಗಡ್ಡೆಯಾಗಿದ್ದೆ.

"ಬಿಲ್ಲೆ ಬಂದಿತ್ತ್, ಜನ ಬರ್ಲಿಲ್ಲ. ಇದನ್ನ್ ಇಲ್ಲಿ ಹಾಕ್ದವ್ರ್ ಯಾರ್?"

ಗುರುನಾಥ ಮೆಟ್ಟಿದ ಚಪ್ಪಲಿ ಬಿಟ್ಟು ದಕ್ಕೆಯ ಅಂಚಿಗೆ ಬಂದ. "ನಾನ ಹಾಕಿನ್ರೀ," ಎಂದ. ಆಮೇಲೆ ದಕ್ಕೆಯ ಮೇಲೆ ಕುಸಿದು ತಲೆ ತಲೆ ಹೊಡೆದುಕೊಂಡ. "ನಾನ ಹಾಕಿನ್ರೀ ಯಪ್ಪಾ, ನಾನ ಹಾಕೀನಿ."

ಕರಾವಳಿ ಕಾವಲು ಪಡೆಗೆ ಸುದ್ದಿ ಹೋಯಿತು. ಮತ್ತೆರಡು ದೋಣಿಗಳೂ ಹೊರಟವು. ನಮ್ಮ ದೋಣಿಯಲ್ಲಿ ದಾಮೋದರ, ಸುಪ್ರೀತಾ, ಗುರುನಾಥ. ಇಳಿ ಎಂದರೂ ಇಳಿಯದ ಬಚ್ಚಮ್ಮ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಬೆಳ್ಳಕ್ಕಿ ಗುಡ್ಡ ತಲುಪಿದಾಗ ಎರಡು ಗಂಟೆ ದಾಟಿತ್ತು. ನೀರಿನ ಸೆಳೆತ ಪಡುವಣಕ್ಕೆ. ಬೆಳಿಗ್ಗೆ ಬಿಟ್ಟುಹೋದ ಮನುಷ್ಯ ಮೂರು ನಾಲ್ಕು ಗಂಟೆಯಲ್ಲಿ ಎಲ್ಲಿಗೆ ಹೋಗಿರಬಹುದು ಎಂದು ದಾಮೋದರ ಲೆಕ್ಕ ಹಾಕಿದ. ಪಡುವಣ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರು. ಬಿಳಿಯ ನೊರೆ ಕಂಡಲ್ಲೆಲ್ಲ ಗುರುನಾಥ "ಅಡಿವ್ಯಾ" ಎಂದು ಕೂಗುತ್ತಿದ್ದ. ಅವನ ಗಂಟಲು ಒಡೆದು ಬರೀ ಗಾಳಿ ಬರತೊಡಗಿತು.

ಆಗ ಬಚ್ಚಮ್ಮ ಹೇಳಿದಳು, "ಎಂಜಿನ್ ನಿಲ್ಸ್."

ಎಂಜಿನ್ ನಿಂತಿತು. ಅವಳು ದೋಣಿಯ ತಳಕ್ಕೆ ಬಾಗಿ ಹಲಗೆಗೆ ಕಿವಿ ಇಟ್ಟಳು. ಹಿಂದೆ ಜಟ್ಟಪ್ಪ ಹೀಗೇ ಕಿವಿಯಿಟ್ಟು ಮೀನಿನ ಸದ್ದು ಹಿಡಿಯುತ್ತಿದ್ದ. ಗಾಳಿ ಬಿದ್ದಿತ್ತು. ಕಂಬದ ಮೇಲೆ ನನ್ನ ಹನ್ನೊಂದು ಸೋದರರು ಒಬ್ಬರಾದ ಮೇಲೆ ಒಬ್ಬರು ನಡುಗಿದರು. ಯಾಕೆಂದರೆ ನಮಗೆ ಮೊದಲು ಕೇಳಿತು. ಆಮೇಲೆ ಬಚ್ಚಮ್ಮನಿಗೆ.

ಟಣ್ ಟಣ್. ಟಣ್.

ಅವಳ ಮುಷ್ಟಿ ಬಿಗಿಯಾಯಿತು. ಮುಖ ನೋಡಲು ನನಗಾಗಲಿಲ್ಲ. "ತೆಂಕ್ ಬದಿ," ಎಂದಳು. "ಬಂಡೆ ಬಿರ್ಕ್ ಇತ್ತಲೆ, ಅಲ್ಲಿಗೆ ಹೋಗ್."

ದಕ್ಷಿಣ ಮೂಲೆಯಲ್ಲಿ ಎರಡು ಬಂಡೆಗಳ ನಡುವೆ ದೋಣಿ ನುಗ್ಗದಷ್ಟು ಸಣ್ಣ ಬಿರುಕು. ಹೊರಗೆ ಕಡಲು ಎಷ್ಟು ಕುದಿದರೂ ಅದರೊಳಗೆ ನೀರು ಬಾವಿಯಂತೆ ಸುಮ್ಮನಿರುತ್ತದೆ. ಅಲ್ಲಿ ಅಡಿವೆಪ್ಪ ಗಾಳಿ ತುಂಬಿದ ಅಂಗಿಯಲ್ಲಿ ತೇಲುತ್ತಾ ಬಂಡೆಗೆ ಒರಗಿದ್ದ. ಅಂಗೈ ಎರಡೂ ಚಿಪ್ಪು ಕೊಯ್ದು ಹರಿದಿದ್ದವು, ತುಟಿ ನೀಲಿ. ಬದುಕಿದ್ದ. ಸುಪ್ರೀತಾ ಹಾರಿ ಅವನನ್ನು ಎಳೆತಂದಳು. ಗುರುನಾಥ ಅವನನ್ನು ತಬ್ಬಿ ಬೈದ, ಅತ್ತ, ಮತ್ತೆ ಬೈದ.

ನೀರು ಕುಡಿದು ಸ್ವಲ್ಪ ಚೇತರಿಸಿಕೊಂಡ ಅಡಿವೆಪ್ಪ ಮೊದಲು ಕೇಳಿದ್ದು ಇದು. "ಅವರನ್ನ ಹತ್ತಿಸ್ಕೊಂಡ್ರೇನು?"

"ಯಾರನ್ನ?" ಎಂದ ದಾಮೋದರ.

"ಕೆಳಗ ಇನ್ನೊಬ್ಬರು ಇದ್ರಲ್ರೀ. ನೀರು ನನ್ನ ಹೊರಗ ಎಳಕೊಂಡು ಹೊಂಟಿತ್ತು. ಸೊಂಟದ ಸೀಸದ ಗುಂಡು ಬಿಚ್ಚಿ ಸಿಲಿಂಡರಿಗೆ ಒಂದ ಸವನ ಬಡದೆ. ಅತ್ಲಾಗಿಂದ ಉತ್ತರ ಬಂತು. ಎರಡು ಬಡತ, 'ಇಲ್ಲಿ ಬಾ' ಅಂದಂಗ ತಡದು ಇನ್ನೊಂದು. ನೀವ ಅಂತ ತಿಳದು ಆ ಸದ್ದಿನ ಕಡೆ ಈಸಿಕೋತ ಬಂದೆ. ಇಲ್ಲಾಂದ್ರ ನಾ ಇರ್ತಿದ್ದಿಲ್ಲ."

"ಈಗ ಹತ್ತ್ ನಿಮಿಷದ್ ಹಿಂದೆ ಬಡ್ದದ್ದ್ ನೀವಲ್ದಾ?"

"ಗುಂಡು ಕೈಜಾರಿ ತಳಕ್ಕ ಹೋಗಿ ಎರಡು ತಾಸ ಆತು. ನನ್ನ ಕೈ ನೋಡ್ರಿ, ಬಡಿಯೂ ಕೈ ಏನಿದು?"

ಸುಪ್ರೀತಾ ಮುಖವಾಡ ಹಾಕಿಕೊಂಡು ಇಳಿದು ನೋಡಿಬಂದಳು. ಬಿರುಕಿನ ತಳದಲ್ಲಿ ಮರಳು, ಒಂದೆರಡು ಮೀನು. ಬೇರೇನೂ ಇರಲಿಲ್ಲ. ಬಚ್ಚಮ್ಮ ಮಾತ್ರ ನೀರನ್ನೇ ನೋಡುತ್ತಿದ್ದಳು. ನಾನು ಅವಳ ಕೈಯಲ್ಲಿ ಆಗ ಒಣಗಿದ್ದೆ.

"ಜನ ಉಳ್ಸುಕೆ ಬತ್ತ್," ಎಂದಳು ಮೆಲ್ಲಗೆ. "ಮನಿಗ್ ಬಪ್ಪುಕ್ ಮಾತ್ರ ಆತಿಲ್ಲ ನಿಮ್ಗೆ."

ಗೆಳೆಯರಿಬ್ಬರು ಆಸ್ಪತ್ರೆಯಲ್ಲಿ ಒಂದು ದಿನ, ಊರಿನಲ್ಲಿ ಎರಡು ದಿನ ಉಳಿದೇ ಘಟ್ಟ ಹತ್ತಿದರು. ಆಮೇಲೆ ಗುರುನಾಥ ಗೆಳೆಯನ ಸಹಿ ಮಾಡುವುದನ್ನು ಬಿಟ್ಟನಂತೆ. ಅಡಿವೆಪ್ಪನಿಗೆ ತಿಂಗಳಿಗೆ ನಾಲ್ಕು ಅರ್ಧ ರಜೆ ಕತ್ತರಿ. "ಜೀವಾ ಉಳಿಸಿ ರಜಾ ತಿಂದ ನೋಡ್ರಿ ಇಂವ" ಎಂದು ಮುಂದಿನ ಡಿಸೆಂಬರಿನಲ್ಲಿ ಬಂದಾಗ ದೂರಿದ್ದನಂತೆ. ನನ್ನ ಜಾಗಕ್ಕೆ ಆಗ ಪ್ಲಾಸ್ಟಿಕ್ಕಿನ ಒಂಬತ್ತು ಬಂದಿತ್ತು. ಇದೆಲ್ಲ ಸುಪ್ರೀತಾ ಹೇಳಿದ್ದು. ನಾನು ಅಷ್ಟರಲ್ಲಿ ದೋಣಿ ಬಿಟ್ಟಿದ್ದೆ.

ಯಾಕೆಂದರೆ ಆ ಘಟನೆಯಾದ ಮರುವಾರ, ಕಡಲು ಎಣ್ಣೆಯಂತೆ ಶಾಂತವಾಗಿದ್ದ ಒಂದು ಬೆಳಿಗ್ಗೆ, ಬಚ್ಚಮ್ಮ ನನ್ನ ತೂತಿಗೆ ಬಲೆಯ ದಾರ ಪೋಣಿಸಿದಳು. ಗಂಟು ಹಾಕಿದಳು, ಅದರ ಮೇಲೆ ಇನ್ನೊಂದು, ಮತ್ತೊಂದು. ಮೂರು ಗಂಟು. ಮದುವೆಯಾದ ಹೊಸದರಲ್ಲಿ ಬಲೆ ಹೆಣೆಯಲು ಕೂತಾಗ ಜಟ್ಟಪ್ಪ ಅವಳಿಗೆ ಕಲಿಸಿದ ಗಂಟು ಅದು. ಎಳೆದರೆ ಬಿಗಿಯುತ್ತದೆ, ಕಚ್ಚಿದರೆ ಬಿಡದು, ಬಲ್ಲವನು ಒಂದು ಕಡೆ ಒತ್ತಿದರೆ ಮಾತ್ರ ಸಡಿಲಾಗುತ್ತದೆ. ದಾಮೋದರನಿಗೂ ಅದು ಬರುವುದಿಲ್ಲ.

"ತಕಂಡ್ ಹೋಗಿ ಆ ಬಿರ್ಕಿನ ಅಡಿಯಗೆ ಬಂಡಿಗ್ ಸಿಕ್ಸ್," ಎಂದು ನನ್ನನ್ನು ಮೊಮ್ಮಗಳ ಕೈಗೆ ಕೊಟ್ಟಳು. "ಹದ್ಮೂರ್ನೇ ಕೊಂಡಿ ಖಾಲಿ ಇತ್ತ್ ಅಂದೇಳ್. ಅವ್ರದ್ದ್ ಅವ್ರೇ ತಂದ್ ಹಾಕ್ಲಿ. ಬೇರೆಯವ್ರ್ ಹಾಕೂಕಾಗ."

ಸುಪ್ರೀತಾ ನಗಲಿಲ್ಲ. ಏಳು ಮಾರು ಆಳಕ್ಕೆ ಇಳಿದು ಬಂಡೆಯ ಮೂತಿಗೆ ನನ್ನ ದಾರದ ಕುಣಿಕೆ ಸಿಕ್ಕಿಸಿ, ನನ್ನ ಮುಖದ ಹತ್ತಿರ ಬಂದು ಒಮ್ಮೆ ಕೈಮುಗಿದು ಹೋದಳು.

ಅದಾಗಿ ಆರು ವರ್ಷವಾಯಿತು. ನನ್ನ ಅಂಕಿಯ ಹೊಟ್ಟೆಯೊಳಗೆ ಚಿಪ್ಪುಹುಳವೊಂದು ಮನೆ ಮಾಡಿದೆ, ಮೈ ಹಸಿರುಗಟ್ಟಿದೆ. ಮೇಲೆ ದೋಣಿ ಹೋಗುವುದು ಕೇಳುತ್ತದೆ. ಸುಪ್ರೀತಾ ವರ್ಷಕ್ಕೊಮ್ಮೆ ಬಂದು ಗಂಟು ನೋಡಿ ಹೋಗುತ್ತಾಳೆ. ಒಬ್ಬಳೇ ಇಳಿಯುವುದಿಲ್ಲ, ಜೊತೆಗಾರರೊಬ್ಬರು ಇರುತ್ತಾರೆ. ಅವರಿಗೆ ನನ್ನ ಕಥೆಯನ್ನು ದೋಣಿಯಲ್ಲೇ ಹೇಳಿಕೊಂಡು ಬಂದಿರುತ್ತಾಳೆ. ಸದ್ದು ನಿಂತ ಮೇಲೂ ಮಾತು ನೀರಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ, ಅದನ್ನೇ ನಾನು ಕೇಳಿಸಿಕೊಳ್ಳುತ್ತೇನೆ. ಅಜ್ಜಿ ಈಗಲೂ ಪೆಟ್ಟಿಗೆಯ ಮುಂದೆ ಕೂರುತ್ತಾಳಂತೆ, ಕಣ್ಣು ಮಂದವಾಗಿದೆಯಂತೆ, ಕೈಯಿಂದ ತಡವಿ ಚಪ್ಪಲಿ ಎಣಿಸುತ್ತಾಳಂತೆ.

ಒಬ್ಬರ ಬದಲು ಇನ್ನೊಬ್ಬರು ಊಟ ಬಡಿಸಬಹುದು, ಭಾರ ಹೊರಬಹುದು, ಅಳಲೂಬಹುದು. ಬಂದೆ ಎಂದು ಮಾತ್ರ ಬಂದವನೇ ಹೇಳಬೇಕು. ನಾನು ಕಲಿತದ್ದು ಇಷ್ಟು, ಅದೂ ಒಬ್ಬನ ಜೀವ ಅಂಚಿಗೆ ಹೋದ ಮೇಲೆ.

ಇನ್ನು ಈ ವಾರದ ಸುದ್ದಿ ಹೇಳಿ ಮುಗಿಸುತ್ತೇನೆ. ಸೋಮವಾರ ಮೇಲಿನ ಗಂಟು ಬಿಚ್ಚಿತು. ಮೀನು ಕಚ್ಚಿದ್ದರೆ ದಾರ ಹರಿಯುತ್ತಿತ್ತು. ದಾರಕ್ಕೆ ಏನೂ ಆಗಿಲ್ಲ. ನಿನ್ನೆ ನಡುವಿನದು. ಬಿಚ್ಚಿದ ಕೈ ನನಗೆ ಕಾಣಲಿಲ್ಲ, ತಣ್ಣಗಿತ್ತು, ಅವಸರವಿರಲಿಲ್ಲ. ಇಂದು ಬೆಳಗಿನಿಂದ ಆ ಕೈ ಕಡೆಯ ಗಂಟಿನ ಮೇಲಿದೆ. ಎಲ್ಲಿ ಒತ್ತಬೇಕೋ ಸರಿಯಾಗಿ ಅಲ್ಲೇ ಒತ್ತುತ್ತಿದೆ.

ಬಚ್ಚಮ್ಮಾ, ಚಪ್ಪಲಿ ತೆಗೆದಿಡು.